ಕಂಡವರು, ಚಿತ್ರ ತೆಗೆದವರು: ನೀಲಗಿರಿಯ ವನ್ಯಪ್ರಾಣಿ ವೀಕ್ಷಣೆಯ ಚರಿತ್ರೆ

ಅಕ್ಟೋಬರ್ 7ನ್ನು ತಮಿಳುನಾಡು ಸರ್ಕಾರ ನೀಲಗಿರಿ ತಾರ್ ದಿನವನ್ನಾಗಿ ಆಚರಿಸುತ್ತಿದೆ. ಆಶ್ವಯುಜದ ಆಸುಪಾಸಿನ ಆ ದಿನಗಳಲ್ಲಿ ಕುಂದಾ ಶ್ರೇಣಿಯ ಮೇಲೆ ನೈಋತ್ಯ ಮಳೆಯ ಅಬ್ಬರ ಇಳಿದಿರುತ್ತದೆ. ಈಶಾನ್ಯ ಮಾರುತದ ಮೋಡ ಇನ್ನೂ ಪೂರ್ತಿ ಕವಿದಿರುವುದಿಲ್ಲ. ಈ ಎರಡು ಮಳೆಗಳ ನಡುವಿನ ಅಲ್ಪಾವಧಿಯೇ ನೀಲಗಿರಿಯ ಶರತ್ಕಾಲ. ಮಂಜು ಸರಿದ ಒಂದೆರಡು ತಾಸು ಮುಕುರ್ತಿಯ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಬಂಡೆಯ ಅಂಚಿನಲ್ಲಿ ನಿಂತ ತಾರ್ ಹಿಂಡು ಕಾಣಿಸುತ್ತದೆ. ಕ್ಯಾಮೆರಾ ಹಿಡಿದು ಬಂದವರ ಶ್ರಮ ಸಾರ್ಥಕವಾಗುತ್ತದೆ. ಹಾಗೆ ತೆಗೆದ ಚಿತ್ರದ ಕೆಳಗೆ ಪ್ರಾಣಿಯ ಲ್ಯಾಟಿನ್ ಹೆಸರಿರುತ್ತದೆ, ಉದ್ಯಾನದ ಹೆಸರಿರುತ್ತದೆ, ಛಾಯಾಗ್ರಾಹಕರ ಹೆಸರಿರುತ್ತದೆ. ಹಿಂಡನ್ನು ಮೊದಲು ಕಂಡು ತೋರಿಸಿದವನ ಹೆಸರು ಮಾತ್ರ ಅಪರೂಪಕ್ಕೂ ಇರುವುದಿಲ್ಲ. ಈ ಗೈರುಹಾಜರಿ ಇಂದು ನಿನ್ನೆಯದಲ್ಲ. ಅದರ ಹಿಂದೆ ಸುಮಾರು ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆ ಕನ್ನಡಕ್ಕೂ ಕನ್ನಡದ ಒಡಹುಟ್ಟಿದ ನುಡಿಗಳಿಗೂ ಸೇರಿದ್ದು.

ಪ್ರಾಣಿಯ ವಿಚಾರವನ್ನು ಮೊದಲು ನೋಡೋಣ. ನೀಲಗಿರಿ ತಾರ್ ಇಂದು ತಮಿಳುನಾಡು ಮತ್ತು ಕೇರಳದ ಘಟ್ಟಗಳಲ್ಲಿ ಮಾತ್ರ ಉಳಿದಿದೆ, ಕರ್ನಾಟಕದಲ್ಲಿ ಅದಿಲ್ಲ. ನೀಲಗಿರಿಯೇ ಅದರ ನೆಲೆಯ ಉತ್ತರದ ಎಲ್ಲೆ. 1838ರಲ್ಲಿ ಓಗಿಲ್ಬಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಬಹುಕಾಲ ಹಿಮಾಲಯದ ತಾರ್‌ನೊಂದಿಗೆ ಒಂದೇ ಗಣದಲ್ಲಿ ಸೇರಿಸಲಾಗಿದ್ದ ಇದಕ್ಕೆ 2005ರಲ್ಲಿ ನೀಲಗಿರಿಟ್ರಾಗಸ್ ಎಂಬ ಪ್ರತ್ಯೇಕ ಗಣ ದೊರೆಯಿತು. ವಂಶವಾಹಿಗಳ ಪರೀಕ್ಷೆ ಇದು ಕುರಿಗಳಿಗೆ ಹೆಚ್ಚು ಹತ್ತಿರವೆಂದು ತೋರಿಸಿತು. ತೋಟಗಾರ ದೊರೆಗಳು ಇದನ್ನು ‘ಐಬೆಕ್ಸ್’ ಎಂದು ಕರೆದರು. ಅದು ಐಬೆಕ್ಸ್ ಅಲ್ಲ. ಆದರೂ ಶಿಕಾರಿಯ ದಾಖಲೆಗಳಲ್ಲೆಲ್ಲ ಆ ಹೆಸರೇ ನಿಂತಿತು. ಬೆನ್ನ ಮೇಲೆ ಬಿಳಿಛಾಯೆ ಮೂಡಿದ ಪ್ರಾಯದ ಗಂಡಿಗೆ ‘ಸ್ಯಾಡಲ್‌ಬ್ಯಾಕ್’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟರು. ತಮಿಳಿನಲ್ಲಿ ಇದು ವರೈಯಾಡು, ಎಂದರೆ ಕಡಿಬಂಡೆಯ ಆಡು. ಕೊಡಗು ಮತ್ತು ಮಲೆನಾಡಿನಲ್ಲಿ ಕಡಿದಾದ ಮಣ್ಣಿನ ಗೋಡೆಗೆ ಹೇಳುವ ‘ಬರೆ’ ಎಂಬ ಮಾತು ಈ ‘ವರೈ’ಗೆ ದೂರದ್ದೆಂದು ನನಗೆ ತೋರುವುದಿಲ್ಲ.

ನೀಲಗಿರಿಗೆ ಕ್ಯಾಮೆರಾ ಬಂದಾಗ ಅದರ ಮುಂದೆ ನಿಂತದ್ದು ಪ್ರಾಣಿಯಲ್ಲ, ಮನುಷ್ಯ. ಜಿಲ್ಲೆಯ ಮೊದಲ ಕಮಿಷನರ್ ಬ್ರೀಕ್ಸ್‌ನ ಗ್ರಂಥ ಅವನ ಮರಣಾನಂತರ 1873ರಲ್ಲಿ ಹೊರಬಂದಿತು. ಮಾರ್ಷಲ್‌ನು ತೋಡರ ಬಗ್ಗೆ ಬರೆದ ಪುಸ್ತಕವೂ ಅದೇ ವರ್ಷದ್ದು. ಎರಡರಲ್ಲೂ ಗುಡ್ಡದ ಜನರ ಛಾಯಾಚಿತ್ರಗಳಿವೆ. ಅಂದಿನ ಗಾಜಿನ ಫಲಕಕ್ಕೆ ಬೆಳಕು ಬೀಳಲು ಕೆಲವು ಕ್ಷಣಗಳೇ ಬೇಕಿದ್ದವು. ಅಷ್ಟು ಹೊತ್ತು ಅಲುಗದಂತೆ ನಿಲ್ಲಿಸಬಹುದಾದದ್ದು ಮನುಷ್ಯನನ್ನು, ಇಲ್ಲವೇ ಸತ್ತ ಪ್ರಾಣಿಯನ್ನು. ಹೀಗಾಗಿ ಜೀವಂತ ಪ್ರಾಣಿಯ ಕಡೆಗೆ ತಿರುಗಿದ್ದು ಬಂದೂಕು. ಜನಾಂಗ ವರ್ಣನೆಯ ಚಿತ್ರಸಂಪುಟ ಮತ್ತು ಗೋಡೆಗೆ ತೂಗುಹಾಕಿದ ಕೊಂಬು ಒಂದೇ ದಶಕದ, ಒಂದೇ ಬಂಗಲೆಯ ಸಂಗ್ರಹಗಳು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದ ಹೊರತು ನೀಲಗಿರಿಯ ಛಾಯಾಗ್ರಹಣದ ಚರಿತ್ರೆ ಅರ್ಧವೇ ಉಳಿಯುತ್ತದೆ.

ಬಂದೂಕಿನ ಫಲ ಬೇಗನೆ ಕಾಣಿಸಿಕೊಂಡಿತು. ಹತೋಟಿಯಿಲ್ಲದ ಶಿಕಾರಿಯಿಂದ ಪ್ರಾಣಿಗಳು ವಿರಳವಾಗತೊಡಗಿದಾಗ 1877ರಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಹುಟ್ಟಿತು. 1879ರಲ್ಲಿ ಮದ್ರಾಸ್ ಸರ್ಕಾರ ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ಮಾಡಿತು. ಪರವಾನಗಿ, ನಿಷೇಧದ ಋತು ಮೊದಲಾದವು ಬಂದವು. ರಕ್ಷಣೆ ಎಂಬ ಮಾತು ಈ ಬೆಟ್ಟಗಳ ಮೇಲೆ ಮೊದಲು ಕೇಳಿಬಂದದ್ದು ಬೇಟೆಗಾರರ ಬಾಯಿಂದ, ಬೇಟೆ ಮುಂದುವರಿಯಲೆಂಬ ಉದ್ದೇಶದಿಂದ. ಅದನ್ನು ಹೀಗಳೆಯಬೇಕಾಗಿಲ್ಲ, ಪ್ರಾಣಿ ಉಳಿದದ್ದಕ್ಕೆ ಅದೂ ಒಂದು ಕಾರಣ. ಆದರೆ ಪರವಾನಗಿ ದೊರೆಯ ಹೆಸರಿನಲ್ಲಿ; ಜಾಡು ಹಿಡಿಯುವ ಕೆಲಸ ಕೂಲಿಯವನದ್ದು.

ಆ ಕೆಲಸ ಸುಲಭದ್ದಾಗಿರಲಿಲ್ಲ. ತಾರ್ ಹಿಂಡು ಮೇಯುವಾಗ ಎತ್ತರದ ಬಂಡೆಯ ಮೇಲೆ ಒಂದು ಹೆಣ್ಣು ಕಾವಲು ನಿಂತಿರುತ್ತದೆ. ಅದರ ದೃಷ್ಟಿ ಕೆಳಗಿನ ಕಣಿವೆಯ ಮೇಲೆ. ಅಪಾಯ ಕೆಳಗಿನಿಂದ ಬರುತ್ತದೆಂಬ ನಂಬಿಕೆ ಅದರ ಮೈಯಲ್ಲೇ ಇದೆ. ಆದ್ದರಿಂದ ನುರಿತವನು ಗಾಳಿಯ ದಿಕ್ಕು ನೋಡಿಕೊಂಡು, ಸುತ್ತುಬಳಸಿ ಮೇಲಿನಿಂದ ಇಳಿಯುತ್ತಿದ್ದ. ಇಂದು ದೂರದೃಷ್ಟಿಯ ಮಸೂರ ಹಿಡಿದವರೂ ಅದೇ ದಾರಿ ಹಿಡಿಯುತ್ತಾರೆ. ಬಂದೂಕು ಕ್ಯಾಮೆರಾವಾಯಿತು, ಕಾಲುಹಾದಿ ಬದಲಾಗಲಿಲ್ಲ.

ಹಾದಿ ತೋರಿಸಿದವರು ಎಲ್ಲರೂ ಕನ್ನಡದವರೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು, ಚರಿತ್ರೆಯಾಗಲಾರದು. ತೋಡರು ಎಮ್ಮೆ ಸಾಕುವವರು, ಬೇಟೆಯಾಡುವವರಲ್ಲ. ಬಡಗರು ಮುಖ್ಯವಾಗಿ ಬೇಸಾಯದವರು. ಇರುಳರು, ಕುರುಂಬರು, ಬಯಲಿನಿಂದ ಬಂದ ಶಿಕಾರಿಗಳು, ಎಲ್ಲರೂ ಈ ಕೆಲಸದಲ್ಲಿದ್ದರು. ಕನ್ನಡದ ಸಾಕ್ಷ್ಯ ವ್ಯಕ್ತಿಗಳಿಗಿಂತ ಹೆಚ್ಚಾಗಿ ನೆಲದ ಮೇಲೆ ಉಳಿದಿದೆ. ದೊಡ್ಡಬೆಟ್ಟ 2637 ಮೀಟರ್. ಮುಕುರ್ತಿ ಉದ್ಯಾನದೊಳಗಿನ ಕೊಲರಿಬೆಟ್ಟ 2630 ಮೀಟರ್. ಅದೇ ಸಾಲಿನಲ್ಲಿ ಪಿಚಲ್‌ಬೆಟ್ಟ. ಉತ್ತರಕ್ಕೆ ಇಳಿದರೆ ಮಾವನಹಳ್ಳ, ಕೆಕ್ಕನಹಳ್ಳ, ಒಂಬೆಟ್ಟ, ಮಸಿನಗುಡಿ. ಬೆಟ್ಟ, ಹಳ್ಳ, ಗುಡಿ: ಈ ಪದಗಳಿಗೆ ಅನುವಾದ ಬೇಕಿಲ್ಲ. ಸ್ನೋಡನ್, ಅವಲಾಂಚ್ ಎಂಬ ಹೆಸರುಗಳು ಊಟಿಯ ಸುತ್ತ ನಿಂತಷ್ಟು ಗಟ್ಟಿಯಾಗಿ ತಾರ್ ಮೇಯುವ ದೂರದ ಶಿಖರಗಳಲ್ಲಿ ನಿಲ್ಲಲಿಲ್ಲ.

ಕ್ಯಾಮೆರಾ ನಿಜವಾಗಿ ಜೀವಂತ ಪ್ರಾಣಿಯ ಕಡೆ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಉತ್ತರದ ಕಾಡುಗಳಲ್ಲಿ ಚಾಂಪಿಯನ್ ತೆಗೆದ ಹುಲಿಯ ಚಿತ್ರಗಳ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು. ಮೋಯಾರ್ ನದಿಯಾಚೆಗೆ ಬಂಡೀಪುರ. ಈ ಮುದುಮಲೆಯಲ್ಲಿ ಆನೆಗಳನ್ನು ವರ್ಷಗಟ್ಟಲೆ ನೋಡಿ ಚಿತ್ರಿಸಿದವರು ಎಂ. ಕೃಷ್ಣನ್ (1912–1996). 1942ರಿಂದ 1949ರವರೆಗೆ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದ ಅವರು ಅಲ್ಲಿ ಕುರಿ ಮೇಯಿಸಿಯೂ ನೋಡಿದರೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿ. ಕಪ್ಪುಬಿಳುಪನ್ನೇ ನೆಚ್ಚಿಕೊಂಡ ಅವರು ತಾವೇ ಜೋಡಿಸಿಕೊಂಡ ಭಾರವಾದ ಉಪಕರಣದೊಂದಿಗೆ, ಅನೇಕ ವೇಳೆ ಸವಾರಿ ಆನೆಯ ಮೇಲಿನಿಂದ ಚಿತ್ರ ತೆಗೆಯುತ್ತಿದ್ದರು. ಸವಾರಿ ಆನೆ ಎಂದ ಮೇಲೆ ಅದರ ಕತ್ತಿನ ಮೇಲೆ ಮಾವುತನಿದ್ದಾನೆ. ಮುದುಮಲೆಯ ತೆಪ್ಪಕಾಡು ಶಿಬಿರದ ಮಾವುತರಲ್ಲಿ, ಕಾವಾಡಿಗಳಲ್ಲಿ ಬೆಟ್ಟ ಕುರುಂಬರು ಹಲವರು. ಅವರ ನುಡಿ ಕನ್ನಡಕ್ಕೆ ಹತ್ತಿರವಾದರೂ ಕನ್ನಡವಲ್ಲ. 2003ರಲ್ಲಿ ಗೇಲ್ ಕೊಯೆಲೊ ಅದರ ವ್ಯಾಕರಣವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರೌಢಪ್ರಬಂಧವಾಗಿ ಬರೆದರು. ಕಾಡಾನೆ ಕಿವಿ ಅರಳಿಸಿದ್ದು ಬೆದರಿಕೆಯೋ ಕುತೂಹಲವೋ ಎಂದು ಮೊದಲು ಓದಬೇಕಾದವನು ಮಾವುತ. ಛಾಯಾಗ್ರಾಹಕನ ಗುಂಡಿ ಒತ್ತುವಿಕೆ ಆ ಓದಿನ ನಂತರದ್ದು.

ಎತ್ತರದ ಹುಲ್ಲುಗಾವಲಿನಲ್ಲಿ ಇದೇ ಪರಿವರ್ತನೆಯನ್ನು ತಮ್ಮ ಬದುಕಿನಲ್ಲೇ ತೋರಿಸಿದವರು ಕೂನೂರಿನ ವಕೀಲ ಇ. ಆರ್. ಸಿ. ದವೀದಾರ್. ಬೇಟೆಯನ್ನು ಬಿಟ್ಟು ವೀಕ್ಷಣೆಗೆ ಬಂದ ಅವರು 1963ರಲ್ಲೂ 1975ರಲ್ಲೂ ನೀಲಗಿರಿಯ ತಾರ್‌ಗಳನ್ನು ಎಣಿಸಿದರು. ಅಕ್ಟೋಬರ್ 7ರ ಆಚರಣೆ ಅವರ ಗೌರವಾರ್ಥವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಶಿಕಾರಿಯನ್ನು ಮುಗಿಸಿತು. 1982ರಲ್ಲಿ ಮುಕುರ್ತಿ ಅಭಯಾರಣ್ಯವಾಗಿ 1990ರಲ್ಲಿ 78.46 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಅಷ್ಟರೊಳಗೆ ವ್ಯಾಟಲ್, ಪೈನ್, ನೀಲಗಿರಿ ಮರಗಳ ನೆಡುತೋಪುಗಳು ಹುಲ್ಲುಗಾವಲನ್ನು ಬಹುವಾಗಿ ನುಂಗಿದ್ದವು. ತಾರ್‌ಗೆ ಗುಂಡಿಗಿಂತ ಮರ ಹೆಚ್ಚು ಕೇಡು ಮಾಡಿತೇ ಎಂಬ ಪ್ರಶ್ನೆಯನ್ನು ಈಗ ಗಂಭೀರವಾಗಿ ಕೇಳಬೇಕಾಗಿದೆ. 2024ರ ಗಣತಿಯಲ್ಲಿ ಇಡೀ ತಮಿಳುನಾಡಿನಲ್ಲಿ ಕಂಡದ್ದು 1,031.

2023ರಲ್ಲಿ ತೆಪ್ಪಕಾಡಿನ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಆನೆಮರಿ ಸಾಕಿದ ಕಥೆಯ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ, ಕಾಡಿನ ಚಿತ್ರದೊಳಗೆ ಕಾಡಿನವರ ಹೆಸರು ಜಗತ್ತಿಗೆ ಕೇಳಿಸಿತು. ಅವರು ಕಾಟ್ಟುನಾಯಕ ಸಮುದಾಯದವರು. ಚಿತ್ರದ ಭಾಷೆ ಬಹುಪಾಲು ತಮಿಳು. ಹೆಸರನ್ನು ಹಿಡಿದು ಮನೆಮಾತನ್ನು ನಿರ್ಧರಿಸಲಾಗದು. ಆದರೂ ತಮಿಳಿನ ‘ವೆಳ್ಳಿ’ ಇಲ್ಲಿ ‘ಬೆಳ್ಳಿ’ಯಾಗಿರುವುದನ್ನು ಭಾಷೆಯ ಅಭ್ಯಾಸಿಗಳು ಗಮನಿಸದೆ ಇರಲಾರರು.

ನಮ್ಮ ಅಧ್ಯಯನಕ್ಕೆ ಉಳಿದಿರುವ ಕೆಲಸ ಪ್ರಾಣಿಗಳ ಪದಕೋಶದ್ದು. ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ 1992ರಲ್ಲಿ ಪ್ರಕಟಿಸಿದ ಬಡಗ ನಿಘಂಟು ಒಂದು ಭದ್ರವಾದ ತಳಹದಿ. ಅದನ್ನು ಕೈಯಲ್ಲಿ ಹಿಡಿದು ಕುಂದಾ ಕಡೆಯ ಹಟ್ಟಿಗಳಲ್ಲೂ ಮುದುಮಲೆಯ ನಿವೃತ್ತ ಜಾಡುಗಾರರ ಮನೆಗಳಲ್ಲೂ ಕೇಳಬೇಕಾದ ಮಾತುಗಳಿವೆ: ಕಾವಲು ನಿಂತ ಹೆಣ್ಣಿಗೆ ಏನೆನ್ನುತ್ತಾರೆ, ಬೆನ್ನು ಬೆಳ್ಳಗಾದ ಗಂಡಿಗೆ ಏನು, ಬೆದರಿದ ಹಿಂಡಿನ ಸಿಳ್ಳಿಗೆ ಏನು, ಮಂಜು ಸರಿದು ಹಿಂಡು ಕಾಣುವ ಆ ಹೊತ್ತಿಗೆ ಏನು.