ಕ್ಯಾಸಿಯೋದ ಗಾಂಧಾರ

ನಮ್ಮ ಗಂಗಾವತಿ ಕಡೆ ಕೀಬೋರ್ಡ್ ಯಾವ ಕಂಪನಿಯದಾದ್ರೂ ಅದರ ಹೆಸರು ಕ್ಯಾಸಿಯೋನೇ. ಯಮಹಾ ನುಡಿಸೋರೂ ‘ಕ್ಯಾಸಿಯೋ ಮಾಸ್ತರ’. ಕ್ಯಾಸಿಯೋ ಕಂಪನಿ ಮೊದಲ ಕೀಬೋರ್ಡ್ ಮಾರಿದ್ದು 1980ರಲ್ಲಿ. ಶ್ರೀರಾಮನಗರದಲ್ಲಿ ತುಂಗಭದ್ರಾ ನೀರು ನಂಬಿ ಆಂಧ್ರದಿಂದ ಬಂದ ಕುಟುಂಬಗಳು ಬಹಳ. ಹಾಗಾಗಿ ಕನ್ನಡ ರಂಗಗೀತೆ, ತೆಲುಗು ನಾಟಕದ ಪದ್ಯ ಎರಡೂ ನನ್ನ ಕಿವಿಗೆ ಬಿದ್ದಿವೆ. ಎರಡಕ್ಕೂ ಆಸರೆ ಪೇಟಿ, ಅಂದ್ರೆ ಹಾರ್ಮೋನಿಯಂ. ಕ್ಯಾಸಿಯೋ ಬಂದು ಕೂತಿದ್ದು ಅದರ ಜಾಗದಲ್ಲಿ.

ಪೇಟಿಯೂ ಯುರೋಪಿನಿಂದ ಬಂದದ್ದೇ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ನಿಷೇಧ ಸಡಿಲಾಗಿದ್ದು 1971ರಲ್ಲಿ. ಗಮಕ, ಮೀಂಡ್ ಬರಲ್ಲ ಅನ್ನೋದು ಒಂದು ದೂರು, ಶ್ರುತಿ ಸರಿಯಿಲ್ಲ ಅನ್ನೋದು ಇನ್ನೊಂದು. ಈ ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬಹುದು. ಕೀಬೋರ್ಡ್ ಒಂದು ಸಪ್ತಕವನ್ನು 12 ಸಮ ಹೆಜ್ಜೆ ಮಾಡುತ್ತೆ. ಪ್ರತಿ ಹೆಜ್ಜೆಗೆ ಕಂಪನ ಸುಮಾರು 1.0595 ಪಟ್ಟು. ‘ಸ’ 1 ಅಂದ್ಕೊಂಡ್ರೆ ಪಂಚಮ 1.498, ಬೇಕಾದ್ದು 1.5. ಪರವಾಗಿಲ್ಲ. ಆದರೆ ಶುದ್ಧ ಗಾಂಧಾರ 1.26 ಆಗುತ್ತೆ. ತಂಬೂರಿಯ ಷಡ್ಜದ ತಂತಿಯೊಳಗೇ ಸಣ್ಣಗೆ ಕೇಳಿಸೋ ಗಾಂಧಾರ 1.25. ಈ ವ್ಯತ್ಯಾಸ ಕಿವಿಗೆ ತಾಗುತ್ತೆ.

ಮೀಂಡ್‌ಗೆ ಎಲೆಕ್ಟ್ರಾನಿಕ್ಸ್ ಉತ್ತರ ಹುಡುಕಿತು. 1982ರಲ್ಲಿ ಮುಂಬೈನ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಅದರಲ್ಲಿ ಟಿಬಿ-303 ಅನ್ನೋದಕ್ಕೆ ಸ್ವರದಿಂದ ಸ್ವರಕ್ಕೆ ಜಾರೋ ಸೌಲಭ್ಯವಿತ್ತು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಬಿಡುಗಡೆ ಆದ್ಮೇಲೆ ಜಗತ್ತೇ ಬೆರಗಾಯ್ತು.

ನನಗೆ ಇದಕ್ಕಿಂತ ಇಷ್ಟ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ದಾರಿ. ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ರೇಡೆಲ್ ಕಂಪನಿ ಕಟ್ಟಿದವರು. 1979ರಲ್ಲಿ ಅವರು ಮಾಡಿದ್ದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ರಾಗ ನುಡಿಸೋ ಉಸಾಬರಿಯೇ ಬೇಡ, ಶ್ರುತಿ ಹಿಡಿದ್ರೆ ಸಾಕು. ಅದಕ್ಕೆ ಮನೆಗಳಿಲ್ಲ, ನಾಬ್ ಇದೆ; ಹಾಡೋರ ಕಂಠ ಎಲ್ಲಿದೆಯೋ ಅಲ್ಲಿಗೆ ಯಂತ್ರವೇ ಬರುತ್ತೆ.

ಕೀಬೋರ್ಡ್‌ನಲ್ಲೂ ಇದು ಅಸಾಧ್ಯವೇನಲ್ಲ. 1987ರ ಯಮಹಾ ಡಿಎಕ್ಸ್7-2ರಲ್ಲೇ ಒಂದೊಂದು ಮನೆಯ ಶ್ರುತಿಯನ್ನೂ ಬದಲಿಸಬಹುದಿತ್ತು. ಆದರೆ ನಾಟಕದ ರಾತ್ರಿ ಮೆನು ತೆಗೆಯೋಕೆ ಪುರುಸೊತ್ತು ಯಾರಿಗೆ? ಗಾಯಕ ‘ಕರಿ ಎರಡು’ ಅಂದ್ರೆ ಟ್ರಾನ್ಸ್‌ಪೋಸ್ ಬಟನ್ ಒತ್ತೋದು, ಅಷ್ಟೇ.

ಹಳೇ ಪೇಟಿ ಮಾಸ್ತರು ಗಾಂಧಾರದ ಮೇಲೆ ಬೆರಳು ಹೆಚ್ಚು ಹೊತ್ತು ಇಡ್ತಿರಲಿಲ್ಲ, ಮುಟ್ಟಿ ಬಿಟ್ಟುಬಿಡ್ತಿದ್ರು. ಈಗ ‘ಸ್ಟ್ರಿಂಗ್ಸ್’ ಟೋನ್ ಹಾಕಿ ಕಾರ್ಡ್ ಹಿಡಿದ್ರೆ ಪದ್ಯ ಮುಗಿಯೋತನಕ 1.26 ಅಲ್ಲೇ ಕೂತಿರುತ್ತೆ. ಹಾಡೋ ಹುಡುಗರು ತಮ್ಮ ಗಾಂಧಾರವನ್ನ ಅದಕ್ಕೇ ಏರಿಸಿಕೊಳ್ತಾರೆ.