ಒಡೆದ ಮೈಗೆ ಎಳ್ಳೆಣ್ಣೆ

ಮಾರ್ಗಶಿರದ ಮೂಡಗಾಳಿ ಬೀಸತೊಡಗಿತೆಂದರೆ ಜಮಖಂಡಿ, ಬೀಳಗಿಗಳ ಎರೆಹೊಲದಂತೆ ಜನರ ಹಿಮ್ಮಡಿಯೂ ಬಿರಿಯುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ಒಡೆದ ಬೆರಳಿಗೆ ನವಿರಾದ ಎಳೆ ತೊಡರಿದರೆ ಕೆಲಸ ಕೆಟ್ಟಿತು.

ಇದರ ಮದ್ದನ್ನು ನಮ್ಮ ಹಿರಿಯರು ಗಾಣದಲ್ಲಿ ಕಂಡರು. ನಿತ್ಯವೂ ಅಭ್ಯಂಗ ಮಾಡಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆಯೊತ್ತಬೇಕು ಎಂದು ವಾಗ್ಭಟನು 'ಅಷ್ಟಾಂಗಹೃದಯ'ದಲ್ಲಿ ವಿಧಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು (ಸು. 1129) ಸ್ನಾನವನ್ನೇ ಒಂದು ಭೋಗವೆಂದೆಣಿಸಿ, ಹೂವಿನ ಪರಿಮಳ ಹತ್ತಿಸಿದ ಎಳ್ಳೆಣ್ಣೆಯನ್ನು ಹೇಳುತ್ತದೆ. ಅದು ಅರಮನೆಯ ಮಾತಾಯಿತು. ನನಗೆ ಹೆಚ್ಚು ಪ್ರಿಯವಾದುದು ಅದಕ್ಕೂ ನೂರು ವರ್ಷ ಹಿಂದಿನ 'ಲೋಕೋಪಕಾರ' (ಸು. 1025). ಇಮ್ಮಡಿ ಚಾವುಂಡರಾಯನು (ಗೊಮ್ಮಟನನ್ನು ಕಡೆಯಿಸಿದವನಲ್ಲ, ಬೇರೆಯವನು) ಅಡುಗೆ, ಬಾವಿಯ ನೆಲೆ, ಗಂಧಯುಕ್ತಿ, ವೈದ್ಯ ಇವೆಲ್ಲವನ್ನೂ ಸಂಸ್ಕೃತ ಬಾರದವರಿಗೂ ಎಟುಕುವಂತೆ ಕನ್ನಡದಲ್ಲಿಟ್ಟನು. ಮುಧೋಳದಲ್ಲಿ 949ರಲ್ಲಿ ಹುಟ್ಟಿದ ರನ್ನನು ಬಳೆಗಾರರ ಮನೆತನದವನು. ಬಿರುಸಾದ ಕೈಗೆ ಬಳೆ ಏರಿಸುವಾಗ ಎಣ್ಣೆಯ ಬೆಲೆ ಆ ಮನೆಗೆ ತಿಳಿಯದೆ ಇದ್ದೀತೆ!

ಸಂಕ್ರಾಂತಿಗೆ ಎಳ್ಳನ್ನು ಅರಿಸಿನದೊಡನೆ ಅರೆದು ಮೈಗೆ ಹಚ್ಚಿ ಮೀಯುವ ನಮ್ಮ ಸೀಮೆಯ ಪದ್ಧತಿಯೂ ಚಳಿಯ ನಡುವೆಯೇ ಬರುವುದು ಗಮನಾರ್ಹ. ಎಣ್ಣೆಯು ಚರ್ಮಕ್ಕೆ ನೀರು ಕೊಡದು. ಇರುವ ತೇವ ಆರಿಹೋಗದಂತೆ ತಡೆಯುತ್ತದೆ. ಆದುದರಿಂದ ಮಿಂದೊಡನೆ, ಮೈ ಇನ್ನೂ ಹಸಿಯಾಗಿರುವಾಗಲೇ ತೆಳ್ಳಗೆ ಸವರುವುದು ಲೇಸು. ಸುಡುನೀರಿನ ಸ್ನಾನ, ಸೀಗೆಪುಡಿಯ ಅತಿ ತಿಕ್ಕಾಟಗಳು ಇದ್ದ ಜಿಡ್ಡನ್ನೂ ಕಳೆಯುತ್ತವೆ. ರಕ್ತ ಒಸರುವ ಬಿರುಕಿಗೆ, ಮಧುಮೇಹಿಗಳ ಪಾದಕ್ಕೆ ಮಾತ್ರ ಮನೆಮದ್ದಿನ ಪ್ರಯೋಗ ಬೇಡ, ವೈದ್ಯರಿಗೆ ತೋರಿಸತಕ್ಕದ್ದು.