ಕೊನೆಯ ಕಂತಿನ ಗುಟ್ಟು

1962ನೆಯ ಇಸವಿ ಜನವರಿ 16ರ ಮಂಗಳವಾರ ಪಶ್ಚಿಮ ಬರ್ಲಿನ್ನಿನ 'ಡೇರ್ ಆಬೆಂಡ್' ಎಂಬ ಪತ್ರಿಕೆಯಲ್ಲಿ ಒಂದು ಜಾಹೀರಾತು ಅಚ್ಚಾಯಿತು. ಬುಧವಾರ ಸಂಜೆ ಮನೆಯಲ್ಲಿ ಕುಳಿತು ಕಾಲ ಕಳೆಯಬೇಡಿ, ಕೊಲೆಗಾರ ಡೀಟರ್ ಬೋರ್ಷೆ, ಆದ ಕಾರಣ ಸಿನಿಮಾಕ್ಕೆ ಹೋಗಿ ಎಂಬುದು ಅದರ ತಾತ್ಪರ್ಯ. ಕೆಳಗೆ ರುಜು ಮಾಡಿದ್ದವನು ತನ್ನನ್ನು 'ಒಬ್ಬ ಸಿನಿಮಾ ಅಭಿಮಾನಿ' ಎಂದಷ್ಟೇ ಕರೆದುಕೊಂಡಿದ್ದ. ಆದರೆ ಆ ಅಭಿಮಾನಿ ಯಾರೆಂಬುದು ಬಹಳ ಹೊತ್ತು ಗುಟ್ಟಾಗಿ ಉಳಿಯಲಿಲ್ಲ. ಆತ ವೋಲ್ಫ್‌ಗಾಂಗ್ ನಾಯ್ಸ್, ಬರ್ಲಿನ್ನಿನ ಪ್ರಸಿದ್ಧ ವಿಡಂಬನಕಾರ, ನಟ. ಅವನೇ ತಯಾರಿಸಿದ ಚಿತ್ರವೊಂದು ಆಗ ತೆರೆಗೆ ಬಂದಿತ್ತು. ಜನ ಮನೆ ಬಿಟ್ಟು ಹೊರಡದಿದ್ದರೆ ಅದನ್ನು ನೋಡುವವರು ಯಾರು?

ಈ ನಾಲ್ಕು ಸಾಲಿಗಾಗಿ ಎದ್ದ ಗದ್ದಲವನ್ನು ಇಂದು ನೆನೆದರೆ ನಗು ಬರುತ್ತದೆ. ನಕ್ಕ ಮೇಲೆ ಸ್ವಲ್ಪ ಯೋಚನೆಯೂ ಬರುತ್ತದೆ. 'ಬಿಲ್ಡ್' ಪತ್ರಿಕೆ ನಾಯ್ಸನನ್ನು ದೇಶದ್ರೋಹಿ ಎಂದು ಕರೆಯಿತು. ಅವನಿಗೆ ಬೆದರಿಕೆಗಳು ಬಂದವು. ಬರ್ಲಿನ್ ನಗರದ ನಡುವೆ ಗೋಡೆ ಎದ್ದು ಆಗ ಐದೇ ತಿಂಗಳು. ಒಡಹುಟ್ಟಿದವರು ಗೋಡೆಯ ಆಚೆ ಈಚೆ ಸಿಕ್ಕಿಕೊಂಡಿದ್ದ ಆ ಊರಿನಲ್ಲಿ, ನಾಟಕವೊಂದರ ಕೊಲೆಗಾರನ ಹೆಸರು ಹೇಳಿದವನು ದೇಶದ್ರೋಹಿ ಎನ್ನಿಸಿಕೊಂಡ.

ನಾಟಕದ ಹೆಸರು 'ದಾಸ್ ಹಾಲ್ಸ್‌ಟೂಖ್', ಎಂದರೆ ಕೊರಳವಸ್ತ್ರ. ಆರು ಕಂತುಗಳ ಟೆಲಿವಿಷನ್ ಕತೆ. ಜನವರಿ 3ರಂದು ಮೊದಲಾಗಿ 17ರಂದು ಮುಗಿಯಬೇಕಾಗಿದ್ದಿತು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ತರುಣಿಯೊಬ್ಬಳನ್ನು ಕೊರಳವಸ್ತ್ರದಿಂದ ಬಿಗಿದು ಕೊಂದಿರುತ್ತಾರೆ. ಕೊಂದವರು ಯಾರು? ಇಷ್ಟೇ ಪ್ರಶ್ನೆ. ಪಶ್ಚಿಮ ಜರ್ಮನಿಯಲ್ಲಿ ಆಗ ಐವತ್ತು ಲಕ್ಷಕ್ಕೂ ಮಿಕ್ಕು ಟೆಲಿವಿಷನ್ ಪೆಟ್ಟಿಗೆಗಳಿದ್ದವು. ಕತೆ ನಡೆಯುವ ಸಂಜೆಗಳಲ್ಲಿ ಅವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಇದನ್ನೇ ತೋರಿಸುತ್ತಿದ್ದವು. ಪೆಟ್ಟಿಗೆ ಇಲ್ಲದವರು ಇದ್ದವರ ಮನೆಗೆ ಹೋಗಿ ಕುಳಿತರು. ನಾಟಕಶಾಲೆಗಳು, ಸಿನಿಮಾಗಳು, ಸಂಜೆಯ ಪಾಠಶಾಲೆಗಳು ಬರಿದಾದವು. ಇಂಥ ಕತೆಗಳಿಗೆ ಜರ್ಮನರು 'ಬೀದಿ ಗುಡಿಸುವವ' ಎಂದು ಅಡ್ಡಹೆಸರಿಟ್ಟಿದ್ದರು. ಬೀದಿಯಲ್ಲಿ ನರಪಿಳ್ಳೆ ಉಳಿಯದಂತೆ ಗುಡಿಸಿಬಿಡುತ್ತಿದ್ದವು ಎಂಬ ಅರ್ಥದಲ್ಲಿ. (ನಮ್ಮ ದೇಶದಲ್ಲಿ ಆ ಹೊತ್ತಿಗೆ ಟೆಲಿವಿಷನ್ ಎಂಬುದು ದಿಲ್ಲಿಯ ಪ್ರಯೋಗವಾಗಿತ್ತು, ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ.)

ಕತೆ ಬರೆದವನು ಜರ್ಮನನಲ್ಲ, ಫ್ರಾನ್ಸಿಸ್ ಡರ್ಬ್ರಿಜ್ ಎಂಬ ಇಂಗ್ಲಿಷಿನವ. 1938ರಲ್ಲಿ ರೇಡಿಯೋಗಾಗಿ ಪಾಲ್ ಟೆಂಪಲ್ ಎಂಬ ಪತ್ತೇದಾರನನ್ನು ಸೃಷ್ಟಿಸಿ ಹೆಸರು ಮಾಡಿದ್ದವನು. ಪ್ರತಿಯೊಂದು ಕಂತನ್ನೂ ಒಂದು ಹೊಸ ಬೆಚ್ಚಿಬೀಳುವಿಕೆಯಲ್ಲಿ ತಂದು ನಿಲ್ಲಿಸುವುದು ಅವನ ಕಸುಬು. 'ಕೊರಳವಸ್ತ್ರ'ದ ಮೂಲವನ್ನು ಬಿ.ಬಿ.ಸಿ. 1959ರಲ್ಲೇ ತೋರಿಸಿಯಾಗಿತ್ತು. ಎಂದರೆ ಜರ್ಮನರು ಪ್ರಾಣದಂತೆ ಕಾದುಕೊಂಡಿದ್ದ ಗುಟ್ಟಿನ ಕತೆ ಸಮುದ್ರದಾಚೆಯ ದ್ವೀಪದಲ್ಲಿ ಮೂರು ವರ್ಷದ ಹಳೆಯ ಸುದ್ದಿ! ಅಲ್ಲಿ ಅದು ಪ್ರಸಾರವಾದುದರಿಂದ ಇಲ್ಲಿಯವರಿಗೆ ಏನೂ ನಷ್ಟವಾದಂತೆ ತೋರಲಿಲ್ಲ. ತಮ್ಮವನೇ ಒಬ್ಬ, ತಮ್ಮ ಮಾತಿನಲ್ಲಿ, ಕೊನೆಯ ಕಂತಿನ ಹಿಂದಿನ ದಿನ ಹೇಳಿದಾಗ ನಷ್ಟವಾಯಿತು.

ನಾಯ್ಸನಿಗೆ ಇದು ತಿಳಿದದ್ದು ಹೇಗೆ? ಯಾರೋ ಒಳಗಿನವರು ಹೇಳಿರಬೇಕೆಂದು ಜನ ಗುಮಾನಿಪಟ್ಟರು. ತಾನು ಊಹಿಸಿದ್ದೇ ಹೊರತು ಬೇರೇನಲ್ಲ ಎಂಬುದು ಅವನ ಮಾತು. ನನಗೆ ಅದನ್ನು ನಂಬುವುದು ಕಷ್ಟವಾಗುವುದಿಲ್ಲ. ಬೋರ್ಷೆ ಯುದ್ಧಾನಂತರದ ಜರ್ಮನ್ ಸಿನಿಮಾದ ಸಾಧುಪುರುಷ. 1949ರ 'ನಾಖ್ಟ್‌ವಾಖೆ'ಯಲ್ಲಿ ಪಾದ್ರಿ. 1951ರ 'ಡಾಕ್ಟರ್ ಹೋಲ್' ಚಿತ್ರದಲ್ಲಿ ವೈದ್ಯ. 1953ರಲ್ಲಿ ಥಾಮಸ್ ಮಾನ್‌ನ ಕಾದಂಬರಿಯನ್ನು ಆಧರಿಸಿದ ಚಿತ್ರದಲ್ಲಿ ರಾಜಕುಮಾರ. ಅಷ್ಟು ಸೌಮ್ಯವಾದ ಮುಖವನ್ನು ಕೊಲೆಯ ಕತೆಯೊಂದಕ್ಕೆ ಕರೆದು ತಂದಿದ್ದಾರೆ ಎಂದರೆ ಸುಮ್ಮನೆ ಚಹಾ ಕುಡಿಸಿ ಕಳಿಸುವುದಕ್ಕಲ್ಲ. ರಂಗದ ಒಳಹೊರಗು ಬಲ್ಲ ನಟನೊಬ್ಬ ಸುಳಿವುಗಳನ್ನು ಲೆಕ್ಕ ಹಾಕುತ್ತ ಕೂಡಬೇಕಾಗಿಲ್ಲ. ಪಾತ್ರ ಹಂಚಿದವನ ಮನಸ್ಸನ್ನು ಓದಿದರೆ ಸಾಕು.

ಈ ಬಗೆಯ ಓದಿಗೆ ಇತಿಹಾಸವಿದೆ, ಟೆಲಿವಿಷನ್ನಿಗಿಂತ ನೂರು ವರ್ಷ ಹಿಂದಿನದು. 1841ರಲ್ಲಿ ಚಾರ್ಲ್ಸ್ ಡಿಕನ್ಸ್ 'ಬಾರ್ನಬಿ ರಡ್ಜ್' ಕಾದಂಬರಿಯನ್ನು ಕಂತುಕಂತಾಗಿ ಪ್ರಕಟಿಸುತ್ತಿದ್ದ. ಅದರ ಮೊದಲಿನಲ್ಲೇ ಹೆಂಡದಂಗಡಿಯಲ್ಲಿ ಕುಳಿತ ಮುದುಕನೊಬ್ಬ ಇಪ್ಪತ್ತೆರಡು ವರ್ಷದ ಹಿಂದಿನ ಕೊಲೆಯ ಕತೆ ಹೇಳುತ್ತಾನೆ. ಮನೆಯ ಯಜಮಾನ ಕೊಲೆಯಾಗಿದ್ದ. ಮೇಲ್ವಿಚಾರಕನಾದ ರಡ್ಜ್, ತೋಟಗಾರ ಇಬ್ಬರೂ ಕಾಣೆಯಾಗಿದ್ದರು. ತಿಂಗಳುಗಳ ಮೇಲೆ ಕೊಳದಲ್ಲಿ ಸಿಕ್ಕಿದ ಹೆಣವನ್ನು ಬಟ್ಟೆ, ಗಡಿಯಾರ, ಉಂಗುರಗಳಿಂದ ರಡ್ಜನದೆಂದು ಗುರುತಿಸಿದರು. ತೋಟಗಾರನೇ ಕೊಲೆಗಾರನೆಂದು ಊರು ತೀರ್ಮಾನಿಸಿತು. ಅಟ್ಲಾಂಟಿಕ್ ಸಾಗರದ ಆಚೆ ಇದನ್ನು ಓದಿದ ಎಡ್ಗರ್ ಆಲನ್ ಪೋ ಹಾಗೆ ತೀರ್ಮಾನಿಸಲಿಲ್ಲ. 1841ರ ಮೇ 1ರ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ, ಕಾದಂಬರಿ ಇನ್ನೂ ಆರಂಭದಲ್ಲಿದ್ದಾಗಲೇ, ಹೆಣ ತೋಟಗಾರನದು, ಬಟ್ಟೆ ಬದಲಾಯಿಸಿ ತಪ್ಪಿಸಿಕೊಂಡ ರಡ್ಜನೇ ಕೊಲೆಗಾರ ಎಂದು ಅವನು ಬರೆದ. ಮುಖ ಅಳಿದ ಹೆಣದ ಮೇಲೆ ಲೇಖಕ ಅಷ್ಟು ಎಚ್ಚರದಿಂದ ಬಟ್ಟೆಯನ್ನೂ ಉಂಗುರವನ್ನೂ ತೊಡಿಸಿದ್ದಾನೆಂದರೆ ಅದಕ್ಕೆ ಕಾರಣವಿರಬೇಕಲ್ಲವೆ?

ನವೆಂಬರಿನಲ್ಲಿ ಕಾದಂಬರಿ ಮುಗಿಯಿತು. ಪೋ ಹೇಳಿದ ಮುಖ್ಯ ಸಂಗತಿ ನಿಜವಾಯಿತು. ಕೊಲೆಯ ಹಿಂದೆ ಸತ್ತವನ ತಮ್ಮನ ಕೈವಾಡವಿದೆಯೆಂದೂ ಅವನು ಹೇಳಿದ್ದ, ಅದು ಸುಳ್ಳಾಯಿತು. 1842ರ ಫೆಬ್ರವರಿಯಲ್ಲಿ 'ಗ್ರೇಯಂಸ್ ಮ್ಯಾಗಜೀನ್'ನಲ್ಲಿ ಅವನು ಬರೆದ ಎರಡನೆಯ ವಿಮರ್ಶೆ ಬಹಳ ಸ್ವಾರಸ್ಯವಾದದ್ದು. ಮುನ್ನೂರು ಚಿಲ್ಲರೆ ಪುಟದ ಪುಸ್ತಕದಲ್ಲಿ ಏಳನೆಯ ಪುಟಕ್ಕೇ ತನಗೆ ಗುಟ್ಟು ಹೊಳೆಯಿತು ಎಂದು ಅಲ್ಲಿ ಮೀಸೆ ತಿರುವಿಕೊಳ್ಳುತ್ತಾನೆ. ತಾನು ತಪ್ಪಿದ ಕಡೆ ಕತೆಯೇ ದುರ್ಬಲವಾಗಿದೆ ಎಂಬ ಧಾಟಿಯೂ ಕಾಣುತ್ತದೆ. ಇಂಥ ಧಾಷ್ಟ್ರ್ಯ ದೊಡ್ಡ ವಿಮರ್ಶಕರಿಗೆ ಮಾತ್ರ ಸಾಧ್ಯ. ಆದರೆ ಒಂದು ಆಕ್ಷೇಪಣೆಯನ್ನು ಅವನು ಎತ್ತುತ್ತಾನೆ, ಅದು ನ್ಯಾಯವಾದದ್ದು. ರಡ್ಜನ ಹೆಂಡತಿಯನ್ನು ಕತೆಯ ಪಾತ್ರಗಳು ವಿಧವೆಯೆಂದು ಕರೆಯಲಿ, ಅವರಿಗೆ ನಿಜ ತಿಳಿಯದು. ಲೇಖಕನೇ ತನ್ನ ಸ್ವಂತ ಮಾತಿನಲ್ಲಿ ಹಾಗೆ ಕರೆಯುವುದು ಮೋಸ. ಓದುಗನನ್ನು ದಾರಿ ತಪ್ಪಿಸಬಹುದು, ಓದುಗನಿಗೆ ಸುಳ್ಳು ಹೇಳಬಾರದು. ಪತ್ತೇದಾರಿ ಕತೆಯ ಧರ್ಮಶಾಸ್ತ್ರಕ್ಕೆ ಇದಕ್ಕಿಂತ ಹಳೆಯ ಸೂತ್ರವನ್ನು ನಾನು ಕಂಡಿಲ್ಲ. ಈ ಮಾತಾಡಿದವನೇ 1841ರ ಏಪ್ರಿಲಿನಲ್ಲಿ, ಡಿಕನ್ಸನ ಅಂತ್ಯವನ್ನು ನುಡಿಯುವುದಕ್ಕೆ ಒಂದು ತಿಂಗಳ ಮೊದಲು, 'ರೂ ಮಾರ್ಗಿನ ಕೊಲೆಗಳು' ಎಂಬ ಕತೆಯನ್ನು ಪ್ರಕಟಿಸಿ ಆಧುನಿಕ ಪತ್ತೇದಾರಿ ಸಾಹಿತ್ಯಕ್ಕೆ ಅಡಿಗಲ್ಲು ಹಾಕಿದ್ದ. ಬೇರೆಯವನ ಬೀಗ ತೆಗೆಯುವುದೂ ತಾನು ಬೀಗ ಮಾಡುವುದೂ ಅವನಿಗೆ ಒಂದೇ ಕುಶಲವಿದ್ಯೆಯಾಗಿತ್ತು.

ಡಿಕನ್ಸನ ಕೊನೆಯ ಕಾದಂಬರಿಯಲ್ಲಿ ಈ ಆಟ ಇನ್ನೊಂದು ರೂಪ ತಾಳಿತು. 'ಎಡ್ವಿನ್ ಡ್ರೂಡ್' ಹನ್ನೆರಡು ಮಾಸಿಕ ಭಾಗಗಳಲ್ಲಿ ಬರಬೇಕಾಗಿದ್ದಿತು. 1870ರ ಏಪ್ರಿಲಿನಲ್ಲಿ ಆರಂಭವಾಯಿತು. ಆ ವಸಂತದಲ್ಲಿ ಡಿಕನ್ಸ್ ವಿಕ್ಟೋರಿಯಾ ರಾಣಿಯನ್ನು ಕಂಡಿದ್ದ. ಅಪೇಕ್ಷೆಯಿದ್ದರೆ ಪ್ರಜೆಗಳಿಗಿಂತ ಮುಂಚೆ ಕತೆಯ ವಿಷಯವನ್ನು ತಮಗೆ ತಿಳಿಸುವೆನೆಂದು ಆಸ್ಥಾನದವರೊಬ್ಬರ ಮೂಲಕ ಹೇಳಿಕಳಿಸಿದ. ರಾಣಿ ಆ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಜೂನ್ 9ರಂದು ಡಿಕನ್ಸ್ ತೀರಿಕೊಂಡ. ಬರೆದಿದ್ದುದು ಆರು ಭಾಗ ಮಾತ್ರ. ಎಡ್ವಿನ್ ಕಾಣೆಯಾಗಿದ್ದಾನೆ; ಸತ್ತನೋ ಬದುಕಿದ್ದಾನೋ ಗೊತ್ತಿಲ್ಲ; ಅಫೀಮು ಸೇದುವ ಸೋದರಮಾವ ಜಾಸ್ಪರನ ಮೇಲೆ ಅನುಮಾನ.

ಆಪ್ತಮಿತ್ರ ಜಾನ್ ಫಾರ್ಸ್ಟರ್, ಜಾಸ್ಪರನೇ ಕೊಲೆಗಾರನೆಂದು ಡಿಕನ್ಸ್ ತನಗೆ ಹೇಳಿದ್ದನೆಂದು ದಾಖಲಿಸಿದ. ಚಿತ್ರ ಬರೆದ ಲ್ಯೂಕ್ ಫೈಲ್ಡ್ಸ್ ಇನ್ನೊಂದು ಸಂಗತಿಯನ್ನು 1905ರಲ್ಲಿ ಪ್ರಕಟಪಡಿಸಿದ. ಜಾಸ್ಪರನ ಕೊರಳಿಗೆ ಎರಡು ಸುತ್ತಿನ ವಸ್ತ್ರ ಇರಲೇಬೇಕೆಂದು ಡಿಕನ್ಸ್ ಒತ್ತಾಯಿಸಿದನಂತೆ; ಕಾರಣ ಕೇಳಿದಾಗ, ಅದರಿಂದಲೇ ಅವನು ಎಡ್ವಿನ್‌ನನ್ನು ಬಿಗಿದು ಕೊಲ್ಲುವುದು ಎಂದನಂತೆ. ಇಲ್ಲಿಯೂ ಕೊರಳವಸ್ತ್ರವೇ! ಇಂಥ ಸಾಕ್ಷಿಗಳಿದ್ದರೂ ಜನ ಊಹಿಸುವುದನ್ನು ಬಿಡಲಿಲ್ಲ. ರಿಚರ್ಡ್ ಪ್ರಾಕ್ಟರ್ ಎಂಬ ಖಗೋಳಶಾಸ್ತ್ರಜ್ಞ 1887ರಲ್ಲಿ ಒಂದು ಪುಸ್ತಕವನ್ನೇ ಬರೆದು ಎಡ್ವಿನ್ ಬದುಕಿದ್ದಾನೆಂದು ವಾದಿಸಿದ. ಸತ್ತನೆಂದು ತಿಳಿದವನು ಮರೆಯಲ್ಲಿದ್ದು ಪಾಪಿಯನ್ನು ಗಮನಿಸುತ್ತಿರುವುದು ಡಿಕನ್ಸನಿಗೆ ಅತ್ಯಂತ ಪ್ರಿಯವಾದ ಕಥಾವಸ್ತು, ಆದ್ದರಿಂದ ಇಲ್ಲಿಯೂ ಹಾಗೆಯೇ ಆಗಬೇಕು ಎಂಬುದು ಅವನ ತರ್ಕ. ಗ್ರಹಣ ಹೇಳುವ ವಿದ್ಯೆಯೇ ಇದು. ಹಿಂದೆ ಎಷ್ಟು ಸಲ ಹೀಗೆ ನಡೆಯಿತು ಎಂದು ಎಣಿಸಿ, ಮುಂದೆಯೂ ನಡೆದೀತು ಎನ್ನುವುದು. ಗ್ರಹಗಳು ಈ ಲೆಕ್ಕಕ್ಕೆ ವಿಧೇಯವಾಗಿರುತ್ತವೆ. ಐವತ್ತೆಂಟರ ವಯಸ್ಸಿನಲ್ಲಿ ಹೊಸದೊಂದನ್ನು ಬರೆಯಹೊರಟ ಕಾದಂಬರಿಕಾರ ತನ್ನ ಹಳೆಯ ಕಕ್ಷೆಯಲ್ಲೇ ತಿರುಗುತ್ತಾನೆಂದು ಹೇಗೆ ಹೇಳುವುದು? ನನಗೇನೋ ಫಾರ್ಸ್ಟರನ ಮಾತೇ ಹಿತವಾಗಿ ತೋರುತ್ತದೆ. ಆದರೆ ಪ್ರಾಕ್ಟರನ ಪುಸ್ತಕದಲ್ಲಿ ಪ್ರೀತಿ ಹೆಚ್ಚು.

1914ರ ಜನವರಿ 7ರಂದು ಲಂಡನ್ನಿನಲ್ಲಿ ಜಾಸ್ಪರನ ವಿಚಾರಣೆಯನ್ನೇ ನಡೆಸಿದರು. ಜಿ.ಕೆ. ಚೆಸ್ಟರ್ಟನ್ ನ್ಯಾಯಾಧೀಶ, ಪಂಚಾಯತರ ಮುಖಂಡ ಬರ್ನಾರ್ಡ್ ಷಾ. ಷಾ ಇದ್ದ ಮೇಲೆ ಕೇಳಬೇಕೆ! ಉದ್ದೇಶವಿಲ್ಲದ ನರಹತ್ಯೆ ಎಂಬ ತೀರ್ಪು ಬಂದಿತು. ಚೆಸ್ಟರ್ಟನ್ ತನ್ನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ನ್ಯಾಯಾಲಯ ನಿಂದನೆಗಾಗಿ ದಂಡ ವಿಧಿಸಿ ಸಭೆ ಮುಗಿಸಿದ.

ಹೇಳುವವನು ಸತ್ತುದರಿಂದ ಒಂದು ಗುಟ್ಟು ಉಳಿಯಿತು; ಹೇಳಬಾರದವನು ಹೇಳಿದ್ದರಿಂದ ಇನ್ನೊಂದು ಹೋಯಿತು. ಮೊದಲನೆಯದರಿಂದ ಜನಕ್ಕೆ ದುಃಖವಾದರೂ ಎಷ್ಟೋ ವರ್ಷದ ವಿನೋದ ಸಿಕ್ಕಿತು. ಎರಡನೆಯದರಿಂದ ಕೋಪ ಬಂದಿತು. ಈ ಕೋಪದ ಸ್ವರೂಪವೇನು? ನಮ್ಮ ಕಡೆ ಯಕ್ಷಗಾನ ನೋಡಹೋದವನಿಗೆ ಕೀಚಕ ಬೆಳಗಾಗುವುದರೊಳಗೆ ಸಾಯುತ್ತಾನೆಂಬುದು ಗೊತ್ತು. ಗೊತ್ತಿದ್ದೇ ರಾತ್ರಿಯೆಲ್ಲ ಕೂತಿರುತ್ತಾನೆ. ಯಾರಾದರೂ ಕಿವಿಯಲ್ಲಿ ಬಂದು ಭೀಮ ಕೊಲ್ಲುತ್ತಾನೆ ಎಂದು ಹೇಳಿದರೆ ಹುಚ್ಚನೆಂದುಕೊಂಡಾನೇ ವಿನಾ ಕೋಪಿಸಿಕೊಳ್ಳಲಾರ. ಪತ್ತೇದಾರಿಯ ರಸ ಬೇರೆ ತರಹದ್ದು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ದಿನಕ್ಕಿಷ್ಟು ಬಾಡಿಗೆಗೆ ತಂದು ಓದಿದವರಿಗೆ ಇದು ತಿಳಿದಿರುತ್ತದೆ. ನಾನು ತಂದ ಒಂದು ಪ್ರತಿಯಲ್ಲಿ ನನಗಿಂತ ಮೊದಲು ಓದಿದ ಯಾವನೋ ಮಹಾನುಭಾವ ಎರಡನೆಯ ಪುಟದಲ್ಲೇ ಒಂದು ಹೆಸರಿಗೆ ಪೆನ್ಸಿಲಿನಿಂದ ಗೆರೆ ಎಳೆದು 'ಇವನೇ' ಎಂದು ಬರೆದಿದ್ದ. ಪುಸ್ತಕವನ್ನು ಮುಗಿಸಿದೆ. ಆದರೆ ಅದು ಓದಿದಂತಾಗಲಿಲ್ಲ, ಲೆಕ್ಕ ತಾಳೆ ನೋಡಿದಂತಾಯಿತು. ಅವನು ನನ್ನಿಂದ ಕಸಿದುಕೊಂಡದ್ದು ಉತ್ತರವನ್ನಲ್ಲ, ತಪ್ಪಾಗಿ ಊಹಿಸುವ ನನ್ನ ಹಕ್ಕನ್ನು.

ನೂರಕ್ಕೆ ತೊಂಬತ್ತು ಪೆಟ್ಟಿಗೆಗಳ ಮುಂದೆ ಕುಳಿತಿದ್ದ ಜರ್ಮನರಿಗೂ ಇದೇ ಆಯಿತೆಂದು ಕಾಣುತ್ತದೆ. ಎರಡು ವಾರ ಒಂದು ದೇಶವೇ ಒಟ್ಟಿಗೆ ಕೂತು ಏನೂ ತಿಳಿಯದಿರುವ ಸುಖವನ್ನು ಅನುಭವಿಸಿತ್ತು. ಕಾರ್ಖಾನೆಯ ಯಜಮಾನನಿಗೂ ಕೂಲಿಯವನಿಗೂ ಆ ವಿಷಯದಲ್ಲಿ ಅಂತರವಿರಲಿಲ್ಲ. ನಾಯ್ಸ್ ಮುರಿದದ್ದು ಆ ಸಮಾನತೆಯನ್ನು. ಸರಿಯಾಗಿ ಊಹಿಸಿದ್ದು ಅಪರಾಧವಲ್ಲ. ಮನೆಮನೆಯಲ್ಲೂ ಹಾಗೆ ಊಹಿಸಿದ ಅತ್ತೆಯೋ ಮಾವನೋ ಇದ್ದೇ ಇರಬೇಕು. ಅವರು ಹೇಳಿದ್ದನ್ನು ಯಾರೂ ನಂಬಬೇಕಾಗಿರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದ ಊಹೆಗೆ ಸುದ್ದಿಯ ಮುಖ ಬಂದುಬಿಡುತ್ತದೆ.

ಇದರಿಂದ ಕತೆ ಮಾಡುವವರು ಪಾಠ ಕಲಿತರು. 1980ರ ಮಾರ್ಚ್ 21ರಂದು ಅಮೆರಿಕದ 'ಡಾಲಸ್' ಧಾರಾವಾಹಿಯಲ್ಲಿ ಜೆ.ಆರ್. ಎಂಬ ಎಣ್ಣೆಯ ದೊರೆಗೆ ಗುಂಡು ಹೊಡೆದು, ಹೊಡೆದವರು ಯಾರೆಂಬುದನ್ನು ನವೆಂಬರ್ 21ರ ತನಕ ಎಳೆದರು. ನಡುವೆ ನಟರ ಮುಷ್ಕರವೂ ಸೇರಿಕೊಂಡಿತು. ಇಂಗ್ಲೆಂಡಿನಲ್ಲಿ ಜನ ಬಾಜಿ ಕಟ್ಟಿದರು. ಒಬ್ಬೊಬ್ಬರೂ ಗುಂಡು ಹೊಡೆಯುವಂತೆ ಬೇರೆ ಬೇರೆ ದೃಶ್ಯಗಳನ್ನು ಚಿತ್ರಿಸಿಟ್ಟಿದ್ದರಿಂದ ನಟಿಸಿದವರಿಗೇ ನಿಜ ತಿಳಿಯದಂತಾಯಿತು. ನಾದಿನಿ ಕ್ರಿಸ್ಟಿನ್ ಎಂದು ತಿಳಿದ ರಾತ್ರಿ ಅಮೆರಿಕದಲ್ಲಿ ಎಂಟು ಕೋಟಿಗೂ ಹೆಚ್ಚು ಜನ ನೋಡಿದರಂತೆ. 2013ರಲ್ಲಿ ಇಂಗ್ಲೆಂಡಿನ 'ಬ್ರಾಡ್‌ಚರ್ಚ್' ತಯಾರಾದಾಗಲೂ ಕೊಲೆಗಾರ ಯಾರೆಂಬುದನ್ನು ಬಹುಮಂದಿ ನಟರಿಂದ ಕೊನೆಯವರೆಗೆ ಮುಚ್ಚಿಟ್ಟಿದ್ದರು. ನಟನ ಮುಖ ನೋಡಿ ಊಹಿಸುವವರಿದ್ದಾರೆಂದರೆ ಆ ಮುಖಕ್ಕೇ ತಿಳಿಯದಂತೆ ಮಾಡುವುದು ಜಾಣತನವೇ ಸರಿ.

1962ರ ಜನವರಿ 17ರ ಸಂಜೆ ಜರ್ಮನರು ನಾಯ್ಸನ ಸಲಹೆಯಂತೆ ಸಿನಿಮಾಕ್ಕೆ ಹೋಗಲಿಲ್ಲ. ಎಂದಿನಂತೆ ಪೆಟ್ಟಿಗೆಯ ಮುಂದೆ ಕುಳಿತರು. ಕೊಲೆಗಾರ ಬೋರ್ಷೆಯೇ ಆಗಿದ್ದ. ಮರುವರ್ಷ, 1963ರಲ್ಲಿ, ಡರ್ಬ್ರಿಜ್‌ನ 'ಟಿಮ್ ಫ್ರೇಸರ್' ಬಂದಿತು. ಬೀದಿಗಳು ಮತ್ತೆ ಬರಿದಾದವು.